ಮೈ ಬರೆದಿಟ್ಟ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಸಹ್ಯಾದ್ರಿಯ ದಟ್ಟವಾದ ಕಾಡಿನ ನಡುವೆ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಅಲ್ಲಿ ದುಡಿಯುವವರು ನಿಯಮದಂತೆ ಆಗಾಗ ತಮ್ಮ ಮೂತ್ರವನ್ನು ಪರೀಕ್ಷೆಗೆ ಒಪ್ಪಿಸಬೇಕು. ವರ್ಷಗಟ್ಟಲೆಯಿಂದ ನಡೆದುಬಂದ ಪದ್ಧತಿಯಾದುದರಿಂದ ಅದನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ಆದರೆ 2009ರ ನವೆಂಬರ್ ತಿಂಗಳಲ್ಲಿ ಈ ಪರೀಕ್ಷೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೊದಲನೆಯ ಘಟಕದ ಕೆಲವು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಮ್ ಎಂಬ ವಿಕಿರಣಶೀಲ ವಸ್ತು ಎಂದಿಗಿಂತಲೂ ಹೆಚ್ಚಾಗಿ ಕಾಣಿಸಿಕೊಂಡಿತು. ಒಬ್ಬಿಬ್ಬರಲ್ಲ, ಹುಡುಕುತ್ತ ಹೋದಂತೆ ಅಂಥವರ ಸಂಖ್ಯೆ ಐವತ್ತರ ಆಸುಪಾಸಿಗೆ ಬಂದು ನಿಂತಿತು.

ಸ್ಥಾವರದಲ್ಲಿ ಸೋರಿಕೆಯೇನಾದರೂ ಆಗಿದೆಯೇ ಎಂದು ನೋಡಿದರು. ಅದು ಕಾಣಲಿಲ್ಲ. ಹಾಗಾದರೆ ಇಷ್ಟು ಜನರ ಮೈಯೊಳಗೆ ಟ್ರಿಟಿಯಮ್ ಹೊಕ್ಕಿದ್ದು ಎಲ್ಲಿಂದ? ವಿಚಾರಣೆ ಕೊನೆಗೆ ಒಂದು ಕುಡಿಯುವ ನೀರಿನ ತಂಪುಪೆಟ್ಟಿಗೆಯ ಬಳಿಗೆ ಬಂತು. ಅವರೆಲ್ಲರೂ ಅದೇ ನೀರನ್ನು ಕುಡಿದವರು. ಸ್ಥಾವರದಲ್ಲಿ ಬಳಸುವ ಭಾರಜಲದಲ್ಲಿ, ನ್ಯೂಟ್ರಾನುಗಳ ಹೊಡೆತದಿಂದ ಟ್ರಿಟಿಯಮ್ ಹುಟ್ಟುತ್ತಿರುತ್ತದೆ. ಅಂಥ ಭಾರಜಲವನ್ನು ಯಾರೋ ಬೇಕೆಂದೇ ಕುಡಿಯುವ ನೀರಿಗೆ ಬೆರೆಸಿದ್ದಾರೆಂದು ಅಧಿಕಾರಿಗಳು ಸಾರಿದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಣುಸ್ಥಾವರದ ಕೆಲಸಗಾರರು ಎದೆಯ ಮೇಲೆ ಒಂದು ಸಣ್ಣ ಬಿಲ್ಲೆಯನ್ನು ಧರಿಸಿರುತ್ತಾರೆ. ಹೊರಗಿನಿಂದ ಮೈಮೇಲೆ ಬಿದ್ದ ಕಿರಣವನ್ನು ಅದು ಲೆಕ್ಕವಿಡುತ್ತದೆ. ಆದರೆ ಟ್ರಿಟಿಯಮ್ಮಿನ ಕಿರಣ ತೀರ ದುರ್ಬಲವಾದುದು. ಚರ್ಮವನ್ನು ದಾಟಿ ಬರುವ ಶಕ್ತಿ ಅದಕ್ಕಿಲ್ಲ. ನೀರಿನೊಡನೆ ಹೊಟ್ಟೆಗೆ ಹೋದ ಟ್ರಿಟಿಯಮ್ ಒಳಗೇ ತನ್ನ ಕೆಲಸ ಮಾಡುತ್ತದೆ. ಎದೆಯ ಮೇಲಿನ ಬಿಲ್ಲೆಗೆ ಅದರ ಸುಳಿವೇ ಹತ್ತುವುದಿಲ್ಲ. ಬಿಲ್ಲೆ ಸುಮ್ಮನಿದ್ದಾಗ ಮಾತನಾಡಿದ್ದು ಮೂತ್ರ.

ಸುದ್ದಿ ತಿಳಿದ ಮೇಲೆ ಚಿಕಿತ್ಸೆ ಕಷ್ಟವಾಗಲಿಲ್ಲ. ಮೈಯೊಳಗೆ ನೀರಿನೊಂದಿಗೆ ಬೆರೆತ ಟ್ರಿಟಿಯಮ್ ಸುಮಾರು ಹತ್ತು ದಿನಗಳಲ್ಲಿ ಅರ್ಧದಷ್ಟು ಹೊರಬೀಳುತ್ತದೆ. ಧಾರಾಳವಾಗಿ ನೀರು ಕುಡಿಸಿ, ಮೂತ್ರ ಹೆಚ್ಚಾಗುವ ಔಷಧಿ ಕೊಟ್ಟರೆ ಇನ್ನೂ ಬೇಗ ಹೋಗುತ್ತದೆ. ಬಹುತೇಕರ ಲೆಕ್ಕ ನಮ್ಮ ದೇಶದ ಕೆಲಸಗಾರರಿಗೆ ವರ್ಷವೊಂದಕ್ಕೆ ಗೊತ್ತುಪಡಿಸಿರುವ 30 ಮಿಲಿಸೀವರ್ಟಿನ ಒಳಗೇ ಉಳಿಯಿತು. ಆದರೆ ಆ ವಾಡಿಕೆಯ ಪರೀಕ್ಷೆ ಇಲ್ಲದಿದ್ದರೆ? ಅವರು ಮರುದಿನವೂ ಅದೇ ನೀರನ್ನು ಕುಡಿಯುತ್ತಿದ್ದರು. ಅದರ ಮರುದಿನವೂ ಕುಡಿಯುತ್ತಿದ್ದರು.

ದೀಪ ಮತ್ತು ಮುಖ

ಕೈಗಾದಲ್ಲಿ ಕೆಲಸ ಸುಲಭವಾದದ್ದು ವಿಕಿರಣಶೀಲ ವಸ್ತುವೇ ಮೈಯೊಳಗೆ ಇದ್ದುದರಿಂದ. ಅದು ತಾನಾಗಿಯೇ ಕಿರಣವನ್ನು ಬೀರುತ್ತಿರುತ್ತದೆ. ಮೂತ್ರವನ್ನು ಮಿನುಗುವ ಗುಣದ ಒಂದು ದ್ರವದೊಡನೆ ಬೆರೆಸಿ, ಮಿನುಗುಗಳನ್ನು ಎಣಿಸಿದರೆ ಟ್ರಿಟಿಯಮ್ ಎಷ್ಟಿದೆಯೆಂದು ತಿಳಿಯುತ್ತದೆ. ಕಳ್ಳ ಮನೆಯೊಳಗೇ ಅವಿತಿದ್ದಾನೆ, ಹಿಡಿಯುವುದು ಕಷ್ಟವಲ್ಲ.

ಆದರೆ ಕಳ್ಳ ಬಂದು ಹೋಗಿಬಿಟ್ಟಿದ್ದರೆ ಏನು ಗತಿ? ಕ್ಷಕಿರಣ, ಗಾಮಾ ಕಿರಣ ಮುಂತಾದವುಗಳ ರೀತಿಯೇ ಇದು. ಅವು ಮೈಯನ್ನು ತೂರಿಕೊಂಡು ಹೋಗುತ್ತವೆ. ಹಿಂದೆ ವಿಕಿರಣವನ್ನೇನೂ ಉಳಿಸುವುದಿಲ್ಲ. ದೀಪದ ಬೆಳಕು ಮುಖದ ಮೇಲೆ ಬಿದ್ದ ಮಾತ್ರಕ್ಕೆ ಮುಖ ದೀಪವಾಗುವುದಿಲ್ಲವಷ್ಟೆ. ಹೀಗೆ ಕಿರಣಕ್ಕೆ ಸಿಕ್ಕವನ ಮೈಗೆ ಯಾವ ಎಣಿಕೆಯ ಯಂತ್ರವನ್ನು ಹಿಡಿದರೂ ಅದು ಕಿರ್ರೆನ್ನುವುದಿಲ್ಲ. ಅವನ ಎದೆಯ ಮೇಲೆ ಬಿಲ್ಲೆಯೂ ಇರುವುದಿಲ್ಲ. ಏಕೆಂದರೆ ಅವನು ಅಣುಸ್ಥಾವರದ ನೌಕರನಲ್ಲ, ದಾರಿಹೋಕ.

ಇದು ಬರಿಯ ಊಹೆಯಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅಂಥದೇ ಪ್ರಸಂಗ ನಡೆಯಿತು. ಪ್ರಯೋಗಶಾಲೆಯೊಂದರಿಂದ ಹರಾಜಿನಲ್ಲಿ ಬಂದ ಹಳೆಯ ಉಪಕರಣವನ್ನು ಬಿಚ್ಚಿದವರಿಗೆ ಅದರೊಳಗಿನ ಲೋಹ ಕೋಬಾಲ್ಟ್-60 ಎಂದು ತಿಳಿದಿರಲಿಲ್ಲ. ಕೆಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅದಕ್ಕೂ ಮೊದಲು, 1987ರ ಸೆಪ್ಟೆಂಬರ್‌ನಲ್ಲಿ, ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಕದ್ದೊಯ್ದ ಯಂತ್ರದೊಳಗೆ ಸೀಸಿಯಮ್-137 ಇತ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಜನ ನೆಂಟರಿಷ್ಟರಿಗೆ ಹಂಚಿದರು. ನಾಲ್ವರು ಸತ್ತರು. ಸುದ್ದಿ ಹರಡಿದಾಗ ಸುಮಾರು 1,12,000 ಮಂದಿ ಪರೀಕ್ಷೆಗಾಗಿ ಬಂದರು. ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ನೋಡಿದ ಮೇಲೆ ಮೈಗೆ ಸೀಸಿಯಮ್ ಅಂಟಿದ್ದವರು 249 ಮಂದಿ ಮಾತ್ರವೆಂದು ತಿಳಿಯಿತು.

ಒಂದು ಲಕ್ಷ ಜನರ ಎದೆಯಲ್ಲಿ ಒಂದೇ ಪ್ರಶ್ನೆ: ‘ನನಗೆ ತಾಗಿದೆಯೇ?’ ಕಿರಣ ಕಣ್ಣಿಗೆ ಕಾಣದು, ಮೂಗಿಗೆ ಬಡಿಯದು, ಮುಟ್ಟಿದರೆ ಸುಡದು. ವಾಂತಿ ಬಂದರೆ ಅದು ಕಿರಣದಿಂದಲೋ ಭಯದಿಂದಲೋ ಹೇಳುವುದು ಹೇಗೆ? ಹೊರಗಿನಿಂದ ಬಂದು ಹಾದುಹೋದ ಕಿರಣಕ್ಕೆ ಸಾಕ್ಷಿ ಹೇಳಬಲ್ಲದ್ದು ಒಂದೇ: ಪೆಟ್ಟು ತಿಂದ ಆ ಮೈ.

ರಕ್ತದ ಸಾಕ್ಷ್ಯ

ಮೈ ಸಾಕ್ಷ್ಯ ಹೇಳುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿದೆ. ವಿಪರೀತ ಕಿರಣ ತಾಗಿದವನ ರಕ್ತದಲ್ಲಿ ಲಿಂಫೊಸೈಟ್ ಎಂಬ ಬಿಳಿಯ ಕಣಗಳು ಒಂದೆರಡು ದಿನಗಳಲ್ಲೇ ಕುಗ್ಗಿಹೋಗುತ್ತವೆ. ಅವು ಎಷ್ಟು ಬೇಗ ಕುಗ್ಗಿದವೋ ಪೆಟ್ಟು ಅಷ್ಟು ದೊಡ್ಡದು. ಇನ್ನೂ ನಂಬಿಕೆಯಾದ ಗುರುತು ಜೀವಕೋಶದೊಳಗಿನ ವರ್ಣತಂತುಗಳಲ್ಲಿದೆ. ಕಿರಣದ ಹೊಡೆತಕ್ಕೆ ತುಂಡಾದ ಎರಡು ತಂತುಗಳು ಗಡಿಬಿಡಿಯಲ್ಲಿ ತಪ್ಪಾಗಿ ಕೂಡಿಕೊಂಡು, ಒಂದಕ್ಕೆ ಇರಬೇಕಾದ ನಡುಗಂಟು ಎರಡಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅಂಥವನ್ನು ಎಣಿಸಿ, ತಾಗಿದ ಕಿರಣದ ಪ್ರಮಾಣವನ್ನು ಹೇಳುತ್ತಾರೆ. ಈ ವಿದ್ಯೆಯಲ್ಲಿ ಇಂದಿಗೂ ಇದೇ ಒರೆಗಲ್ಲು.

ಆದರೆ ಇದು ನಿಧಾನದ ಕೆಲಸ. ರಕ್ತದ ಕಣಗಳನ್ನು ಎರಡು ದಿನ ಬೆಚ್ಚಗಿಟ್ಟು ಬೆಳೆಸಬೇಕು. ಆಮೇಲೆ ನುರಿತ ಕಣ್ಣುಗಳು ನೂರಾರು ಕೋಶಗಳನ್ನು ಒಂದೊಂದಾಗಿ ನೋಡಬೇಕು. ಹತ್ತು ಜನರಿಗಾದರೆ ಸರಿ. ಕ್ರೀಡಾಂಗಣದ ತುಂಬ ಜನ ನಿಂತಾಗ ಏನು ಮಾಡುವುದು? ಸುಮಾರು 4 ಗ್ರೇಯಷ್ಟು ಕಿರಣ ಇಡೀ ಮೈಗೆ ತಾಗಿದವರಲ್ಲಿ, ಚಿಕಿತ್ಸೆಯಿಲ್ಲದಿದ್ದರೆ, ಅರ್ಧದಷ್ಟು ಮಂದಿ ಕೆಲವು ವಾರಗಳಲ್ಲಿ ಸಾಯಬಹುದು. ಅಸ್ಥಿಮಜ್ಜೆಯನ್ನು ಕಾಪಾಡುವ ಔಷಧಿಗಳಿವೆ. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಯಾರಿಗೆ ಕೊಡಬೇಕು, ಯಾರನ್ನು ಧೈರ್ಯ ಹೇಳಿ ಮನೆಗೆ ಕಳುಹಿಸಬೇಕು ಎಂಬುದನ್ನು ಬೇಗ ಗೊತ್ತುಮಾಡುವ ದಾರಿ ಬೇಕು. ಆ ದಾರಿಯನ್ನು ಹುಡುಕುತ್ತ ವಿಜ್ಞಾನಿಗಳು ಮತ್ತೆ ಮೂತ್ರದ ಬಟ್ಟಲಿಗೇ ಬಂದಿದ್ದಾರೆ. ಈ ಸಲ ಅವರ ಕೈಯಲ್ಲಿರುವುದು ಮಿನುಗು ಎಣಿಸುವ ಯಂತ್ರವಲ್ಲ, ತೂಗುವ ಯಂತ್ರ.

ಇಜೇರಿಯ ಕಣ, ಕೇಂಬ್ರಿಜ್ಜಿನ ಯಂತ್ರ

ಅದರ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಕನ್ನಡದಲ್ಲಿ ದ್ರವ್ಯರಾಶಿ ರೋಹಿತಮಾಪಕ. ಹೆಸರು ಕೇಳಿ ಹೆದರಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯ ಇಜೇರಿಯಂಥ ಊರಿನಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ಇದರ ತತ್ತ್ವ ಚೆನ್ನಾಗಿ ಗೊತ್ತು. ಒಕ್ಕಣೆಯ ಯಂತ್ರಗಳು ಬರುವ ಮೊದಲು ಆ ಸೀಮೆಯಲ್ಲಿ ಜೋಳದ ರಾಶಿ ಹೇಗೆ ನಡೆಯುತ್ತಿತ್ತು? ಒಕ್ಕಿದ ತೆನೆಯನ್ನು ಮೊರದಲ್ಲಿ ತುಂಬಿಕೊಂಡು, ಎತ್ತರದಲ್ಲಿ ನಿಂತು, ಗಾಳಿ ನೋಡಿ ಮೆಲ್ಲಗೆ ಸುರಿಯುತ್ತಿದ್ದರು. ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತಿತ್ತು. ಜೊಳ್ಳು ಸ್ವಲ್ಪ ದೂರ. ಹೊಟ್ಟು ಇನ್ನೂ ದೂರ. ಬಿದ್ದ ಜಾಗವನ್ನು ನೋಡಿಯೇ ಯಾವುದು ಹಗುರ, ಯಾವುದು ಭಾರವೆಂದು ಹೇಳಬಹುದಾಗಿತ್ತು.

ದ್ರವ್ಯರಾಶಿ ರೋಹಿತಮಾಪಕ ಮಾಡುವುದೂ ಇದನ್ನೇ. ತೂರಬೇಕಾದ ಅಣುಗಳಿಗೆ ಮೊದಲು ವಿದ್ಯುತ್ತಿನ ಸೋಂಕು ಕೊಡುತ್ತಾರೆ. ನಿರ್ವಾತವಾದ ಕೊಳವೆಯಲ್ಲಿ ಅವನ್ನು ವೇಗವಾಗಿ ಓಡಿಸಿ, ದಾರಿಯಲ್ಲಿ ಅಯಸ್ಕಾಂತದ ಬಲವನ್ನು ಅಡ್ಡ ಹಿಡಿಯುತ್ತಾರೆ. ಕಣದಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಅಯಸ್ಕಾಂತ ಮಾಡುತ್ತದೆ. ಹಗುರವಾದ ಅಣು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ಯಾವುದು ಎಲ್ಲಿ ಬಂದು ಬಿತ್ತೆಂಬುದನ್ನು ಗುರುತಿಸಿದರೆ ಅದರ ತೂಕ ತಿಳಿಯಿತು. ಎಷ್ಟು ಬಿದ್ದವೆಂದು ಎಣಿಸಿದರೆ ಮೊತ್ತ ತಿಳಿಯಿತು. ಇಂದಿನ ಕೆಲವು ಯಂತ್ರಗಳಲ್ಲಿ ಅಯಸ್ಕಾಂತವಿಲ್ಲ. ಅಣುಗಳಿಗೆ ಓಟದ ಪಂದ್ಯ ಕಟ್ಟುತ್ತಾರೆ. ಹಗುರವಾದದ್ದು ಮೊದಲು ಮುಟ್ಟುತ್ತದೆ, ಭಾರವಾದದ್ದು ಆಮೇಲೆ.

ಈ ವಿದ್ಯೆಗೆ ಅಡಿಗಲ್ಲು ಬಿದ್ದದ್ದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ. 1910ರ ದಶಕದ ಮೊದಲಲ್ಲಿ ಜೆ. ಜೆ. ಥಾಮ್ಸನ್ ಅವರು ನಿಯಾನ್ ಅನಿಲವನ್ನು ಹೀಗೆ ತೂರಿದಾಗ ಒಂದು ಗೆರೆಯ ಬದಲು ಎರಡು ಗೆರೆಗಳು ಮೂಡಿದವು. ಅವರ ಸಹಾಯಕರಾಗಿದ್ದ ಎಫ್. ಡಬ್ಲ್ಯು. ಆಸ್ಟನ್ 1919ರಲ್ಲಿ ಇನ್ನೂ ಚುರುಕಾದ ಯಂತ್ರವನ್ನು ಕಟ್ಟಿ, ನಿಯಾನಿನಲ್ಲಿ 20 ಮತ್ತು 22ರ ತೂಕದ ಎರಡು ಬಗೆಯ ಪರಮಾಣುಗಳಿವೆಯೆಂದು ತೋರಿಸಿದರು. 1922ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಆದರೆ ಜೀವಿಗಳ ಮೈಯಲ್ಲಿರುವ ದೊಡ್ಡ ಅಣುಗಳು ಈ ಯಂತ್ರಕ್ಕೆ ಬಹುಕಾಲ ಒಗ್ಗಲಿಲ್ಲ. ತೂರುವ ಮೊದಲೇ ಒಡೆದು ಚೂರಾಗುತ್ತಿದ್ದವು. ಅಮೆರಿಕದ ಜಾನ್ ಫೆನ್ ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ವಿದ್ಯುತ್ ಹಾಯಿಸಿದ ಸೂಜಿಯ ತುದಿಯಿಂದ ದ್ರವವನ್ನು ಮಂಜಿನಂತೆ ಸಿಂಪಡಿಸಿದರೆ, ಹನಿ ಆರಿಹೋಗಿ, ಒಳಗಿನ ಅಣು ಒಡೆಯದೆ ಉಳಿಯುತ್ತದೆ. ಜಪಾನಿನ ಕೊಇಚಿ ತನಾಕಾ ಲೇಸರ್ ಬೆಳಕಿನಿಂದ ಅದೇ ಕೆಲಸವನ್ನು ಬೇರೊಂದು ರೀತಿಯಲ್ಲಿ ಸಾಧಿಸಿದರು. 2002ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಅಲ್ಲಿಂದ ಮುಂದೆ ರಕ್ತ, ಮೂತ್ರ, ಜೊಲ್ಲು ಎಲ್ಲವೂ ಈ ಕಣಕ್ಕೆ ಬಂದವು.

ಮೂತ್ರದಲ್ಲಿ ಸಾವಿರಾರು ಬಗೆಯ ವಸ್ತುಗಳಿವೆ. ಒಂದು ಸಣ್ಣ ಕೊಳವೆಯಲ್ಲಿ ಅದನ್ನು ಹಾಯಿಸಿ, ಒಂದೊಂದೂ ಬೇರೆ ಬೇರೆ ಗಳಿಗೆಯಲ್ಲಿ ಹೊರಬರುವಂತೆ ಮಾಡಿ ಯಂತ್ರಕ್ಕೆ ಊಡಿಸುತ್ತಾರೆ. ಯೂರಿಯಾ 60, ಟಾರಿನ್ 125, ಸಿಟ್ರುಲಿನ್ 175, ಥೈಮಿಡಿನ್ 242 — ಹೀಗೆ ಪ್ರತಿಯೊಂದಕ್ಕೂ ತನ್ನದೇ ತೂಕವಿದೆ. ಒಂದೇ ತೂಕದ ಎರಡು ವಸ್ತುಗಳಿದ್ದರೆ? ಒಂದೇ ತೂಕದ ತೆಂಗಿನಕಾಯಿಯನ್ನೂ ಕಲ್ಲನ್ನೂ ಒಡೆದು ನೋಡಿದರೆ ತಿಳಿಯುವುದಿಲ್ಲವೇ? ಇಲ್ಲಿಯೂ ಅಣುವನ್ನು ಒಡೆದು, ಚೂರುಗಳನ್ನು ಮತ್ತೆ ತೂಗುತ್ತಾರೆ. ಇದೆಲ್ಲ ನಿಮಿಷಗಳ ಕೆಲಸ.

ಇಲಿ ಹೇಳಿದ್ದು, ಮನುಷ್ಯ ಹೇಳಬೇಕಾದ್ದು

ಕಿರಣ ತಾಗಿದಾಗ ಮೂತ್ರ ಏಕೆ ಬದಲಾಗಬೇಕು? ನಮ್ಮ ಮೈಯ ಬಹುಭಾಗ ನೀರು. ಕಿರಣ ಆ ನೀರಿನ ಅಣುಗಳನ್ನು ಸೀಳಿ, ಕಂಡದ್ದನ್ನೆಲ್ಲ ಕಚ್ಚುವ ತುಣುಕುಗಳನ್ನು ಹುಟ್ಟಿಸುತ್ತದೆ. ಅವು ಜೀವಕೋಶದ ಆನುವಂಶಿಕ ತಂತುವನ್ನು ಕೆಡಿಸುತ್ತವೆ. ಕೋಶ ಕೆಟ್ಟ ಭಾಗವನ್ನು ಕಿತ್ತು ರಿಪೇರಿ ಮಾಡುತ್ತದೆ, ಸಾಧ್ಯವಾಗದಿದ್ದರೆ ಸಾಯುತ್ತದೆ. ಕಿತ್ತುಹಾಕಿದ ಚೂರೂ ಸತ್ತ ಕೋಶದ ಅವಶೇಷವೂ ರಕ್ತಕ್ಕೆ ಬಂದು ಮೂತ್ರದಲ್ಲಿ ಹೊರಹೋಗುತ್ತವೆ. ಮನೆ ರಿಪೇರಿಯಾಗುತ್ತಿದೆಯೆಂದು ಬೀದಿಯಲ್ಲಿ ಬಿದ್ದ ಗಾರೆಯ ಚೂರನ್ನು ನೋಡಿ ಹೇಳುವಂತೆ, ಮೈಯೊಳಗಿನ ಪೆಟ್ಟನ್ನು ಮೂತ್ರ ನೋಡಿ ಹೇಳಬಹುದು.

2008ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಿಗೆ 3 ಮತ್ತು 8 ಗ್ರೇಯಷ್ಟು ಗಾಮಾ ಕಿರಣವನ್ನು ತಾಗಿಸಿ, ಅವುಗಳ ಮೂತ್ರವನ್ನು ಈ ಯಂತ್ರದಲ್ಲಿ ತೂರಿ ನೋಡಿದರು. ಆನುವಂಶಿಕ ತಂತುವಿನ ಕಟ್ಟಡಕ್ಕೆ ಸೇರಿದ ಥೈಮಿಡಿನ್ ಎರಡು ಪ್ರಮಾಣಗಳಲ್ಲೂ ಏರಿತ್ತು. ಟಾರಿನ್ ಏರಿದ್ದು 8 ಗ್ರೇ ತಾಗಿದ ಇಲಿಗಳಲ್ಲಿ. ‘ತಾಗಿದೆ’ ಎಂದಷ್ಟೇ ಅಲ್ಲ, ‘ಇಷ್ಟು ತಾಗಿದೆ’ ಎಂದೂ ಮೂತ್ರ ಹೇಳಬಹುದೆಂಬ ಆಸೆ ಹುಟ್ಟಿತು. ಅಲ್ಲಿಂದೀಚೆಗೆ ಹಲವು ದೇಶಗಳಲ್ಲಿ ಈ ಕೆಲಸ ನಡೆದಿದೆ. ದೆಹಲಿಯಲ್ಲಿ ನಮ್ಮ ರಕ್ಷಣಾ ಇಲಾಖೆಯ ಇನ್ಮಾಸ್ ಸಂಸ್ಥೆಯೂ ಕಿರಣ ತಾಗಿದ ಇಲಿಗಳ ಮೂತ್ರ ಮತ್ತು ರಕ್ತವನ್ನು ಮತ್ತೊಂದು ಬಗೆಯ ಉಪಕರಣದಿಂದ ಪರೀಕ್ಷಿಸಿ ಅಂಥ ಬದಲಾವಣೆಗಳನ್ನು ಗುರುತಿಸಿದೆ.

ಸಿಟ್ರುಲಿನ್ ಎಂಬ ವಸ್ತುವಿನ ಕತೆ ಇನ್ನೂ ಸ್ವಾರಸ್ಯವಾದುದು. ರಕ್ತದಲ್ಲಿರುವ ಸಿಟ್ರುಲಿನ್ನಿನ ಬಹುಪಾಲನ್ನು ಮಾಡುವುದು ಸಣ್ಣ ಕರುಳಿನ ಒಳಪೊರೆ. ದೊಡ್ಡ ಪ್ರಮಾಣದ ಕಿರಣಕ್ಕೆ ಆ ಪೊರೆ ಕಳಚಿಹೋಗುತ್ತದೆ. ಕಾರ್ಖಾನೆ ಮುಚ್ಚಿದರೆ ಸರಕು ನಿಲ್ಲುವಂತೆ ರಕ್ತದಲ್ಲಿ ಸಿಟ್ರುಲಿನ್ ಇಳಿಯುತ್ತದೆ. ಹೊಟ್ಟೆಯನ್ನು ಕೊಯ್ಯದೆ, ಒಂದು ಹನಿ ರಕ್ತದಿಂದ ಕರುಳಿನ ಸ್ಥಿತಿಯನ್ನು ತಿಳಿಯಬಹುದು.

ಇಷ್ಟಾದ ಮೇಲೆ ಅಡಚಣೆಗಳನ್ನೂ ಹೇಳಬೇಕು. ಇಲಿ ಮನುಷ್ಯನಲ್ಲ. ಪ್ರಯೋಗಕ್ಕೆಂದು ಮನುಷ್ಯನಿಗೆ ಕಿರಣ ತಾಗಿಸುವುದು ಅಧರ್ಮ. ಅಸ್ಥಿಮಜ್ಜೆ ಕಸಿಯ ಮೊದಲು ಚಿಕಿತ್ಸೆಗಾಗಿಯೇ ಇಡೀ ಮೈಗೆ ಕಿರಣ ಪಡೆಯುವ ರೋಗಿಗಳು ಒಪ್ಪಿ ಕೊಟ್ಟ ಮೂತ್ರ, ರಕ್ತಗಳಿಂದ ಕೆಲವು ಸಂಗತಿಗಳು ತಿಳಿದಿವೆ. ಆದರೆ ಅವರು ಮೊದಲೇ ಬಳಲಿದವರು, ಹಲವು ಔಷಧಿಗಳನ್ನು ತಿಂದವರು. ಇನ್ನು ಊಟದ ಮಾತು. ಸಿಟ್ರುಲಿನ್ನಿಗೆ ಆ ಹೆಸರು ಬಂದದ್ದೇ ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದ. ಹೊಟ್ಟೆ ತುಂಬ ಕಲ್ಲಂಗಡಿ ತಿಂದರೆ ರಕ್ತದಲ್ಲಿ ಅದು ಏರುತ್ತದೆ. ಟಾರಿನ್ ಮೀನು ಮಾಂಸಗಳಲ್ಲಿ ಹೇರಳ. ಕಾರವಾರದ ಮೀನೂಟದವರ ಮೂತ್ರವೂ ಕಲಬುರಗಿಯ ಜೋಳದ ರೊಟ್ಟಿಯವರ ಮೂತ್ರವೂ ಒಂದೇ ಲೆಕ್ಕ ಹೇಳಲಾರವು. ಜ್ವರ, ತಂಬಾಕು, ವಯಸ್ಸು ಎಲ್ಲವೂ ತಮ್ಮ ತಮ್ಮ ಗುರುತು ಒತ್ತುತ್ತವೆ. ಆದುದರಿಂದಲೇ ಒಂದೇ ಗುರುತನ್ನು ನಂಬದೆ, ಹಲವನ್ನು ಕೂಡಿಸಿ ತೀರ್ಪು ಕೊಡಬೇಕೆಂದು ತಿಳಿದವರು ಹೇಳುತ್ತಾರೆ. ವರ್ಣತಂತುಗಳ ಒರೆಗಲ್ಲನ್ನು ಬಿಸಾಡುವ ಕಾಲ ಇನ್ನೂ ಬಂದಿಲ್ಲ.

ಗೋಗಿಯ ನೆಲದಡಿ

ಇವೆಲ್ಲ ದೂರದ ಊರಿನ ಮಾತೆಂದು ಇಜೇರಿಯ ಸೀಮೆಯವರು ಕೈತೊಳೆದುಕೊಳ್ಳುವಂತಿಲ್ಲ. ಜೇವರ್ಗಿಗೆ ನೆರೆಯಾದ ಶಹಾಪುರ ತಾಲ್ಲೂಕಿನಲ್ಲಿ, ಇಂದಿನ ಯಾದಗಿರಿ ಜಿಲ್ಲೆಯಲ್ಲಿ, ಗೋಗಿ ಎಂಬ ಊರಿದೆ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳಿಂದ ಇತಿಹಾಸದಲ್ಲಿ ಹೆಸರಾದ ಊರು. ಈಗ ಅದಕ್ಕೆ ಇನ್ನೊಂದು ಹೆಸರು ಬಂದಿದೆ: ನೆಲದಡಿಯಲ್ಲಿ ಯುರೇನಿಯಮ್ ಇರುವ ಊರು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಯಾವ ಸುಣ್ಣಕಲ್ಲಿನ ಸ್ತರಗಳಿಂದ ಬರುತ್ತದೆಯೋ, ಆ ಭೀಮಾ ಕಣಿವೆಯ ಸ್ತರಗಳು ಬಿರಿದ ಒಂದು ಜಾಗದಲ್ಲಿ ಅದು ಶೇಖರವಾಗಿದೆ. ನೆಲಹಾಸಿನ ಕಲ್ಲಿಗೆ ಯಾರೂ ಹೆದರಬೇಕಾಗಿಲ್ಲ. ಅದಿರು ಇರುವುದು ಆ ಬಿರುಕಿನ ಗೆರೆಯಲ್ಲಿ.

ಚಿಂತೆ ನೀರಿನದು. ಸುಣ್ಣಕಲ್ಲಿನ ನಡುವೆ ಹರಿಯುವ ನೀರಿನಲ್ಲಿ ಕಾರ್ಬೊನೇಟು ಹೆಚ್ಚು. ಅದು ಯುರೇನಿಯಮ್ಮನ್ನು ಕರಗಿಸಿ ಹೊತ್ತು ತರಬಲ್ಲದು. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಣುಶಕ್ತಿ ನಿಯಂತ್ರಣ ಮಂಡಲಿ ಇಟ್ಟುಕೊಂಡ ಮಿತಿ 60. ಗಣಿಯ ಮಾತು ಎದ್ದಾಗಲೆಲ್ಲ ಅಲ್ಲಿಯ ಜನ ಕೇಳಿದ್ದು ಇದನ್ನೇ: ನಮ್ಮ ನೀರಿನ ಗತಿಯೇನು? ನಮ್ಮ ಮಕ್ಕಳ ಗತಿಯೇನು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ನೆಲದ ಯುರೇನಿಯಮ್ಮಿನ ವಿಕಿರಣ ಬಹಳ ಮಂದವಾದುದು. ನೀರಿನಲ್ಲಿ ಅದು ಹೆಚ್ಚಾದರೆ ಮೊದಲು ಕಾಡುವುದು ಕಿರಣದಿಂದಲ್ಲ, ಸೀಸದಂಥ ಭಾರಲೋಹವಾಗಿ. ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ಮೈಗೆ ಹೊಕ್ಕಿದೆಯೇ? ಹೊಕ್ಕಿದ್ದು ಕೆಡುಕು ಮಾಡಿದೆಯೇ? ಎರಡಕ್ಕೂ ಮೂತ್ರವೇ ಉತ್ತರ ಕೊಡಬಲ್ಲದು. ನುಂಗಿದ ಯುರೇನಿಯಮ್ಮಿನಲ್ಲಿ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದೆರಡು ಪಾಲು. ಅದರಲ್ಲೂ ಬಹುಭಾಗ ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಮಾತ್ರ ಮೂಳೆಯಲ್ಲಿ ನಿಲ್ಲುತ್ತದೆ. ಸೂರ್ಯನ ಹೊರಮೈಯಷ್ಟೇ ಬಿಸಿಯಾದ ಆರ್ಗಾನ್ ಅನಿಲದ ಜ್ವಾಲೆಯಲ್ಲಿ ಮೂತ್ರದ ಹನಿಯನ್ನು ಹಾಯಿಸಿ, ಬಿಡಿಬಿಡಿಯಾದ ಪರಮಾಣುಗಳನ್ನು ದ್ರವ್ಯರಾಶಿ ರೋಹಿತಮಾಪಕದಲ್ಲಿ ತೂರಿದರೆ, 238ರ ತೂಕದ ಯುರೇನಿಯಮ್ ತನ್ನ ಜಾಗದಲ್ಲಿ ಬಂದು ಬೀಳುತ್ತದೆ. ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿದ್ದರೂ ಯಂತ್ರದ ಕಣ್ಣು ತಪ್ಪದು. ಮೂತ್ರಪಿಂಡ ಬಳಲಿದ್ದರೆ ಮೂತ್ರದಲ್ಲಿ ಸೋರಬಾರದ ಸಣ್ಣ ಪ್ರೋಟೀನುಗಳು ಸೋರುತ್ತವೆ. ಅದು ಎರಡನೆಯ ಪ್ರಶ್ನೆಗೆ ಉತ್ತರ.

ಗೋಗಿಯ ಸುತ್ತಿನ ನೆಲದ ವಿಕಿರಣವನ್ನು ಗಣಿಗಾರಿಕೆಯ ಮೊದಲೇ ಅಳೆದು ಬರೆದಿಡುವ ಕೆಲಸವನ್ನು ಮಂಗಳೂರು ವಿಶ್ವವಿದ್ಯಾಲಯದ ವಿದ್ವಾಂಸರು ಮಾಡಿದ್ದಾರೆ. 2014ರಲ್ಲಿ ಅದು ಪ್ರಕಟವಾಗಿದೆ. ನೆಲದ ಲೆಕ್ಕ ಬರೆದಿಟ್ಟಂತೆ ಅಲ್ಲಿ ಬಾಳುವ ಜನರ ಮೈಯ ಲೆಕ್ಕವನ್ನೂ ಬರೆದಿಡುವುದು ನ್ಯಾಯವಲ್ಲವೇ? ಗಣಿ ಬರಲಿ, ಬಾರದಿರಲಿ, ಭೀಮೆಯ ದಂಡೆಯ ಹಳ್ಳಿಗಳಿಂದ ಒಂದೊಂದು ಬಟ್ಟಲು ಮೂತ್ರವನ್ನು ಇಂದೇ ಪರೀಕ್ಷಿಸಿ ಇಟ್ಟರೆ, ನಾಳೆ ಏನಾದರೂ ಏರಿತೋ ಇಳಿಯಿತೋ ಎಂಬುದಕ್ಕೆ ಆಧಾರ ಇರುತ್ತದೆ. ಮೊದಲಿನ ಬಾಕಿ ಗೊತ್ತಿಲ್ಲದ ಲೆಕ್ಕದ ಪುಸ್ತಕದಿಂದ ಯಾವ ಲೆಕ್ಕಿಗನೂ ಲಾಭನಷ್ಟ ಹೇಳಲಾರ.

ಕೈಗಾದ ಕೆಲಸಗಾರರನ್ನು ಕಾಪಾಡಿದ್ದು ದೊಡ್ಡ ಯಂತ್ರವಲ್ಲ; ಏನೂ ಆಗದಿದ್ದಾಗಲೂ ತಪ್ಪದೆ ನಡೆಯುತ್ತಿದ್ದ ಒಂದು ಸಣ್ಣ ಪರೀಕ್ಷೆ. ಸಂಜೆ ಕೊಳವೆಬಾವಿಯಿಂದ ಕೊಡ ತುಂಬಿಕೊಂಡು ಬಂದ ತಾಯಿ ಮಗುವಿಗೆ ನೀರು ಕೊಡುವಾಗ ‘ಇದು ಒಳ್ಳೆಯದೇ?’ ಎಂದು ಕೇಳಿದರೆ, ‘ಹೆದರಬೇಡ’ ಎಂದೋ ‘ಹೆದರು’ ಎಂದೋ ಹೇಳುವವರಿಗೆ ಕೊರತೆಯಿಲ್ಲ. ಅವಳಿಗೆ ಬೇಕಾದದ್ದು ಧೈರ್ಯದ ಮಾತೂ ಅಲ್ಲ, ಭಯದ ಮಾತೂ ಅಲ್ಲ. ಕಾಳು ಯಾವುದು, ಹೊಟ್ಟು ಯಾವುದು ಎಂದು ತೂರಿ ತೋರಿಸಿದ ಉತ್ತರ ಬೇಕು. ಆ ಉತ್ತರವನ್ನು ಅವಳ ಮನೆಯವರ ಮೈಯೇ ಬರೆದಿಟ್ಟಿರುತ್ತದೆ. ಅದನ್ನು ಓದುವ ವಿದ್ಯೆ ಈಗ ನಮಗೆ ಬಂದಿದೆ. ಓದಿ ಹೇಳುವ ಮನಸ್ಸು ಬರಬೇಕು.